ಒಡ್ಡಿನ ಲೆಕ್ಕಕ್ಕೆ ಹೋದ ಮೀನುಗಳು

ಮಾತು ಕೊಟ್ಟವಳು ಲುಬ್ನಾ. ಕೊಡಿಸಿಕೊಂಡವನು ಕಾನಲ್ ಸ್ವೀನಿ ಎಂಬ ಐರಿಶ್ ಮುದುಕ. ಇಬ್ಬರ ನಡುವೆ ತುಕ್ಕು ಹಿಡಿದ ಒಂದು ಕಬ್ಬಿಣದ ಗೇಟು. ಗೇಟಿನ ಆಚೆ ಅವನ ಕುರಿಗಳು, ಈಚೆ ಅವಳ ಮೀನುಗಾರಿಕೆ ಆಫೀಸಿನ ವ್ಯಾನು. ಒಂಬತ್ತು ವರ್ಷದ ಹಿಂದಿನ ಸಂಗತಿ. ಆಗ ಅವಳ ಮಗಳು ಅರೀಬಾ ಇನ್ನೂ ಹೊಟ್ಟೆಯಲ್ಲಿದ್ದಳು.

ಅವನ ಹೊಲದಲ್ಲಿ ಹರಿಯುವ ಹಳ್ಳದ ಟ್ರೌಟ್ ಮೀನಿನ ಮರಿಗಳನ್ನು ಹಿಡಿದು, ಅವುಗಳ ಹೊಟ್ಟೆಯೊಳಗೆ ಸಣ್ಣ ಟ್ಯಾಗ್ ಇಟ್ಟು, ಮತ್ತೆ ನೀರಿಗೆ ಬಿಡಲು ಅನುಮತಿ ಬೇಕೆಂದು ಅವಳು ಕೇಳಿದ್ದಳು. ಮುದುಕ ಗೇಟು ತೆಗೆಯಲಿಲ್ಲ. ಬದಲಿಗೆ ತನ್ನ ಅಪ್ಪನ ಕತೆ ಹೇಳಿದ. ಕಾನಲ್ ಹುಡುಗನಾಗಿದ್ದಾಗ ಯಾರೋ ಸರ್ವೆಯವರು ಬಂದು, ಮೀನು ಎಣಿಸುತ್ತೇವೆಂದು ನೀರಿಗೆ ಕರೆಂಟು ಹಾಯಿಸಿದ್ದರಂತೆ. ಕರೆಂಟು ಹೆಚ್ಚಾಯಿತು, ಹಳ್ಳದ ಉದ್ದಕ್ಕೂ ಮೀನು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲಿತು. ಮಾರನೆಯ ವಾರ ಪೇಪರಿನಲ್ಲಿ ಬಂದದ್ದು ಮಾತ್ರ ಬೇರೆ: ಸ್ವೀನಿಯ ಕೊಟ್ಟಿಗೆಯ ಸಗಣಿ ಗುಂಡಿ ಒಡೆದು ಹಳ್ಳ ಕೆಟ್ಟಿತು, ಅದಕ್ಕೇ ಮೀನು ಸತ್ತಿತು. ಕೋರ್ಟು, ದಂಡ, ಊರವರ ನಗೆ. "ನನ್ನಪ್ಪ ಆ ಹಳ್ಳಕ್ಕೆ ಒಂದು ಬಕೆಟ್ ಸಗಣಿ ಬಿಟ್ಟವನಲ್ಲ," ಎಂದ ಕಾನಲ್. "ಆದರೂ ಸಾಯುವವರೆಗೆ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತ. ಈಗ ನೀನು ಬಂದಿದ್ದೀಯ. ನಿನ್ನ ಕೈಯಲ್ಲಿ ಮೀನು ಸತ್ತರೆ?"

"ಸತ್ತರೆ ನನ್ನ ಕೈಯಲ್ಲೇ ಸತ್ತಿತು ಅಂತ ಹೇಳ್ತೀನಿ. ಇನ್ನೊಬ್ಬರ ತಲೆಗೆ ಕಟ್ಟೋದಿಲ್ಲ."

ಮುದುಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕುರಿಸಂತೆಯಲ್ಲಿ ವ್ಯಾಪಾರ ಕುದುರಿದಾಗ ಮಾಡುವ ಹಾಗೆ ಅಂಗೈಗೆ ಉಗಿದುಕೊಂಡು ಕೈ ಚಾಚಿದ. ಲುಬ್ನಾ ಮೊದಲೇ ಬಸುರಿ. ಆದರೂ ಕೈಗೆ ಕೈ ಕೊಟ್ಟಳು. ಆಮೇಲೆ ವ್ಯಾನಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ವಾಪಸು ಬಂದಾಗ ಗೇಟು ತೆರೆದಿತ್ತು.

ಹಳ್ಳಕ್ಕೆ ನಕ್ಷೆಯಲ್ಲಿ ಉದ್ದನೆಯ ಐರಿಶ್ ಹೆಸರೊಂದಿದೆ, ಬಾಯಲ್ಲಿ ಯಾರೂ ಹೇಳುವುದಿಲ್ಲ. ಗುಡ್ಡದ ಕಪ್ಪು ಜೌಗಿನಿಂದ ಡಿಕಾಕ್ಷನ್ ಬಣ್ಣ ಹೊತ್ತು ಇಳಿಯುವ ಆ ನೀರು ಸ್ವೀನಿಯ ಹೊಲ ದಾಟಿ, ಕೆಳಗೆ ಹಳೇ ಗಿರಣಿಯ ಕಲ್ಲಿನ ಒಡ್ಡಿಗೆ ಬಂದು ನಿಲ್ಲುತ್ತದೆ. ಟ್ರೌಟ್ ಮರಿಗಳು ಹುಟ್ಟುವುದು ಮೇಲಿನ ಕಲ್ಲುಗಳ ಸಂದಿಯಲ್ಲಿ. ಎರಡೋ ಮೂರೋ ಚಳಿಗಾಲ ಅಲ್ಲೇ ಕಳೆದ ಮೇಲೆ, ಒಂದು ವಸಂತದಲ್ಲಿ ಕೆಲವಕ್ಕೆ ಸಮುದ್ರದ ಹುಚ್ಚು ಹಿಡಿಯುತ್ತದೆ. ಮೈಮೇಲಿನ ಕೆಂಪು ಚುಕ್ಕೆ ಮಾಸಿ ಬೆಳ್ಳಿಯ ಹೊಳಪು ಬರುತ್ತದೆ. ಹಳ್ಳ ಮೈದುಂಬಿದ ಕತ್ತಲೆಯಲ್ಲಿ ಹೊರಟುಬಿಡುತ್ತವೆ. ಒಡ್ಡಿನ ಹಿಂದಿನ ನಿಂತ ನೀರಿನಲ್ಲಿ ಅವಕ್ಕೆ ದಾರಿ ತಪ್ಪುತ್ತದೆ. ಸುತ್ತಿ ಸುತ್ತಿ ಸುಸ್ತಾದವನ್ನು ಕೊಕ್ಕರೆ ಹೆಕ್ಕುತ್ತದೆ, ನೀರುನಾಯಿ ಎಳೆಯುತ್ತದೆ.

ಇದು ಊರಿಗೆಲ್ಲ ಗೊತ್ತು. ಆದರೆ ಊರಿಗೆ ಗೊತ್ತಿದ್ದ ಮಾತ್ರಕ್ಕೆ ಯಾರೂ ಒಡ್ಡು ಒಡೆಯುವುದಿಲ್ಲ, ಅದಕ್ಕೆ ಅಂಕಿ ಬೇಕು. ಅಂಕಿ ತರುವುದೇ ಲುಬ್ನಾಳ ಕೆಲಸ. ಎರಡು ಅಕ್ಕಿಕಾಳು ಒಂದರ ಹಿಂದೊಂದು ಇಟ್ಟಷ್ಟು ಉದ್ದದ ಗಾಜಿನ ಟ್ಯಾಗ್. ಅದಕ್ಕೆ ಬ್ಯಾಟರಿ ಇಲ್ಲ, ಸ್ವಂತ ದನಿಯಿಲ್ಲ. ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ತಂತಿಯ ರಿಂಗಿನೊಳಗೆ ಮೀನು ಹಾದಾಗ ಮಾತ್ರ ಅದು ಎಚ್ಚರಗೊಂಡು ತನ್ನ ನಂಬರು ಹೇಳುತ್ತದೆ. ಒಡ್ಡಿಗೆ ಮುಂಚೆ ಒಂದು ರಿಂಗು, ಒಡ್ಡಿನ ಆಚೆ ಇನ್ನೊಂದು. ಮೇಲಿನದರಲ್ಲಿ ಹೇಳಿ ಕೆಳಗಿನದರಲ್ಲಿ ಹೇಳದ ನಂಬರು ಒಡ್ಡಿನ ಬಾಯಿಗೆ ಹೋದದ್ದು.

ರಿಂಗುಗಳ ಉಸ್ತುವಾರಿ ಶಶಾಂಕನದು. ಮೈಸೂರಿನವನು. ಲೀಕ್ಸ್‌ಲಿಪ್‌ನ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಲ್ಲಿ ಬಿಳಿ ಮುಸುಕು ಹಾಕಿಕೊಂಡು ಕೆಲ ವರ್ಷ ದುಡಿದು, "ಕಿಟಕಿ ಇಲ್ಲದ ಬಿಲ್ಡಿಂಗಲ್ಲಿ ಇನ್ನೊಂದ್ ವರ್ಷ ಇದ್ರೆ ನಾನೇ ಚಿಪ್ ಆಗೋಗ್ತೀನಿ" ಎಂದು ದೇಶದ ಬಡಗಣ ಮೂಲೆಯ ಈ ಡೊನೆಗಾಲ್ ಮಳೆಗೆ ಬಂದು ಬಿದ್ದವನು. ಹೊಸಕೋಟೆಯ ಲುಬ್ನಾಳಿಗೂ ಅವನಿಗೂ ಜೌಗಿನ ನಡುವೆ ಕನ್ನಡ ಸಿಕ್ಕಿದ್ದೇ ಒಂದು ನೆಂಟಸ್ತನ. ಮೀನಿಗೆ ಆಪರೇಷನ್ ಮಾಡುವವಳೆಂದು ಅವಳನ್ನು ಡಾಕ್ಟ್ರಮ್ಮ ಎನ್ನುತ್ತಿದ್ದ.

ಒಂಬತ್ತು ವರ್ಷದಲ್ಲಿ ನೆಟ್ಟಗೆ ಅಂಕಿ ಸಿಕ್ಕ ವಸಂತಗಳು ಕಡಿಮೆ. ಒಮ್ಮೆ ಪ್ರವಾಹ ರಿಂಗನ್ನೇ ಹೊತ್ತೊಯ್ದಿತು. ಒಮ್ಮೆ ಕುರಿ ತಂತಿ ಕಡಿಯಿತು. ಇದು ಎಣಿಕೆಯ ಕೊನೆಯ ವರ್ಷ. ಹಳ್ಳ-ನದಿಗಳ ಸರ್ಕಾರಿ ಸಮಿತಿ ಈ ಬೇಸಿಗೆಯಲ್ಲಿ ಕೂತು, ಒಡ್ಡು ತೆಗೆಯಬೇಕೋ ಬೇಡವೋ ಎಂದು ತೀರ್ಮಾನಿಸುವುದಿತ್ತು. ಸಾಲದ್ದಕ್ಕೆ ಈ ವಸಂತ ಮಳೆ ಹದವಾಗಿ ಬಂದು, ಒಡ್ಡಿನ ಮೇಲೆ ನೀರು ತುಂಬಿ ಹರಿದು, ಮರಿಗಳು ಜಾರುಬಂಡೆ ಆಡಿದ ಹಾಗೆ ಸಲೀಸಾಗಿ ದಾಟಿ ಹೋಗುತ್ತಿದ್ದವು. ಬೇರೆ ವರ್ಷಗಳ ಕೊಲೆಗಾರ ಈ ವರ್ಷ ಸಾಧುವಿನ ವೇಷ ಹಾಕಿದ್ದ.

"ಇದೇ ರೀತಿ ಆದ್ರೆ ಒಡ್ಡಿಗೆ ಸನ್ಮಾನ ಮಾಡ್ತಾರೆ, ನೋಡ್ತಿರು," ಎಂದಿದ್ದ ಶಶಾಂಕ್.

ಆ ದಿನ ಬೆಳಿಗ್ಗೆ, ಮೇಲಿನ ರಿಂಗಿಗೂ ಮುಂಚೆ ಹಳ್ಳದಲ್ಲಿಟ್ಟಿದ್ದ ಮೀನು ಹಿಡಿಯುವ ಬೋನು ತುಂಬಿತ್ತು. ರಾತ್ರಿ ಮಳೆ ಬಿದ್ದು ಆ ವರ್ಷದ ದೊಡ್ಡ ಹಿಂಡೇ ಇಳಿದಿತ್ತು. ಮೀನಿಗೆ ಮಂಪರು ಬರಿಸಲು ಅವರು ಬಳಸುವುದು ಲವಂಗದ ಎಣ್ಣೆ. ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಟ್ಟುಕೊಳ್ಳುತ್ತೇವಲ್ಲ, ಅದೇ. ಆದರೆ ಎಣ್ಣೆ ತಣ್ಣೀರಿಗೆ ಬೆರೆಯುವುದಿಲ್ಲವಾದ್ದರಿಂದ ಆಫೀಸಿನಿಂದ ಬರುವ ಬಾಟಲಿಯಲ್ಲಿ ಅದನ್ನು ಮೊದಲೇ ಸ್ಪಿರಿಟ್ಟಿನಲ್ಲಿ ಕರಗಿಸಿರುತ್ತಾರೆ. ಆ ಬಾಟಲಿ ಹಿಂದಿನ ದಿನ ಮುಗಿದಿತ್ತು.

"ಕೊರಿಯರ್ ಬಂತಾ?" ಎಂದಳು ಲುಬ್ನಾ, ಬೂಟಿಗೆ ಕಾಲು ತೂರಿಸುತ್ತ.

"ಎಲ್ಲಿ ಬಂತು? ಟ್ರ್ಯಾಕಿಂಗಲ್ಲಿ ಇನ್ನೂ ಡಬ್ಲಿನ್ ತೋರಿಸ್ತೈತೆ. ಗೇಣುದ್ದದ ಮೀನು ಎಲ್ಲೈತೆ ಅಂತ ನಾವ್ ಹೇಳ್ತೀವಿ, ಒಂದ್ ಬಾಟ್ಲಿ ಎಲ್ಲೈತೆ ಅಂತ ಇವ್ರಿಗೆ ಹೇಳಕ್ಕಾಗಲ್ಲ."

"ಗ್ರಾನ್ಯಾ ಏನಂದ್ಳು?"

ಗ್ರಾನ್ಯಾ ಆಫೀಸಿನಲ್ಲಿ ಅವರ ಮೇಲಿನವಳು. "ನಾಳೆವರೆಗೂ ಕಾಯಿರಿ, ಇವತ್ತಿನ ಮೀನು ಸುಮ್ನೆ ಬಿಟ್ಬಿಡಿ ಅಂತಾಳೆ. ಅವಳಿಗೇನು, ಇಲ್ಲಿಯವ್ರು ಸರಿ ಸರಿ ಅನ್ನೋಕೆ ಅಂತಾರಲ್ಲ, ಹಂಗೇ ಗ್ರ್ಯಾಂಡ್ ಗ್ರ್ಯಾಂಡ್ ಅಂದು ಫೋನ್ ಇಟ್ಳು," ಎಂದ ಶಶಾಂಕ್.

ಸುಮ್ಮನೆ ಬಿಟ್ಟರೆ ವರ್ಷದ ಫಸಲೇ ಕೈ ಬಿಟ್ಟ ಹಾಗೆ. ಲುಬ್ನಾ ಬೋನಿನೊಳಗೆ ನೋಡಿದಳು. ಬೆಳ್ಳಿ ಮೈಗಳು ಒಂದರ ಮೇಲೊಂದು ಹೊರಳುತ್ತಿದ್ದವು. ಮಧ್ಯಾಹ್ನ ಹತ್ತಿರದ ಪೇಟೆ ಲೆಟರ್‌ಕೆನ್ನಿಯಲ್ಲಿ ಅರೀಬಾಳ ಹಲ್ಲಿನ ಅಪಾಯಿಂಟ್‌ಮೆಂಟ್ ಬೇರೆ ಇತ್ತು. ಚಳಿಗಾಲದಿಂದ ಕಾದು ಸಿಕ್ಕಿದ್ದು. ತಪ್ಪಿದರೆ ಮತ್ತೆ ಸರತಿಯ ಕೊನೆಗೆ. ಗಂಡ ಶಾನವಾಜ್ ದೇಶದ ಇನ್ನೊಂದು ತುದಿಯಲ್ಲಿ, ರಿಂಗಾಸ್ಕಿಡಿಯ ಔಷಧಿ ಫ್ಯಾಕ್ಟರಿಯ ಶಿಫ್ಟಿನಲ್ಲಿ. ತಿಂಗಳಿಗೆ ಎರಡು ಸಲ ಮನೆ ಕಾಣುವವನು. ಮಗಳ ಹಲ್ಲು, ಶಾಲೆ, ಜ್ವರ ಎಲ್ಲ ಇವಳದೇ ತಲೆ ಮೇಲೆ. ಹಿಂದಿನ ವಾರವಿಡೀ ಹುಡುಗಿ ದವಡೆ ಹಿಡಿದು ಅತ್ತಿದ್ದಳು. ಹಾಗಾಗಿಯೇ ಲುಬ್ನಾಳ ಕೈಚೀಲದಲ್ಲಿ ಲವಂಗದ ಎಣ್ಣೆಯ ಒಂದು ಸಣ್ಣ ಕಂದು ಬಾಟಲಿ ಇತ್ತು.

"ನನ್ ಹತ್ರ ಐತೆ," ಎಂದು ತೆಗೆದು ತೋರಿಸಿದಳು.

ಶಶಾಂಕ್ ಮುಚ್ಚಳ ತೆಗೆದು ಮೂಸಿದ. "ಲೇ, ಇದು ಅಜ್ಜಿ ಬಾಟ್ಲಿ!"

"ಅಮ್ಮಿ ಕಳಿಸಿದ್ದು, ಹೊಸಕೋಟೆಯಿಂದ. ಅದೇ ಲವಂಗ, ಅದೇ ಎಣ್ಣೆ."

"ಸ್ಪಿರಿಟ್ಟು?"

"ಫ್ಲಾಸ್ಕಲ್ಲಿ ಬಿಸಿನೀರೈತೆ. ಅದ್ರಲ್ಲಿ ಹಾಕಿ ಚೆನ್ನಾಗಿ ಕುಲುಕಿದ್ರೆ ಸೇರ್ಕೊಳ್ಳತ್ತೆ. ಒಂದಿನಕ್ಕೆ ಅಡ್ಜಸ್ಟ್ ಮಾಡ್ಕೊಳ್ಳಣ."

"ಡಾಕ್ಟ್ರಮ್ಮ ಹೇಳಿದ್ಮೇಲೆ ಅಪೀಲಿಲ್ಲ," ಎಂದು ಅವನು ಮೇಲಿನ ರಿಂಗಿನ ತಂತಿ ಬಿಗಿಯಲು ಹೋದ.

ಈ ದೇಶದ ಯಾರೂ ಆ ಕೆಲಸ ಮಾಡುತ್ತಿರಲಿಲ್ಲ. ಬಾಟಲಿ ಬರದಿದ್ದರೆ ಇಲ್ಲಿಯವರು ಟೀ ಕುಡಿದು, ಮೀನು ಬಿಟ್ಟು, ಮನೆಗೆ ಹೋಗುತ್ತಿದ್ದರು. ಇಲ್ಲದ್ದನ್ನು ಇದ್ದುದರಲ್ಲೇ ತೂಗಿಸಿಕೊಂಡು ಬೆಳೆದವರಿಗೆ ಹಾಗೆ ಕೈಕಟ್ಟಿ ಕೂರುವುದು ಸೋಮಾರಿತನದ ಹಾಗೆ ಕಾಣುತ್ತದೆ. ಲುಬ್ನಾ ಫ್ಲಾಸ್ಕು ಕುಲುಕಿದಳು. ಬಿಸಿನೀರು ಹಾಲಿನ ಹಾಗೆ ಬೆಳ್ಳಗಾಯಿತು, ಅವಳಿಗೆ ಸಮಾಧಾನವಾಯಿತು. ತೊಟ್ಟಿಯ ತಣ್ಣೀರಿಗೆ ಸುರಿದಳು.

ಮೊದಲು ಬಿಟ್ಟ ಮೀನುಗಳಿಗೆ ಮಂಪರೇ ಬರಲಿಲ್ಲ. ಎಣ್ಣೆ ಮೇಲೆ ಹೊಳೆಹೊಳೆಯುತ್ತ ತೇಲುತ್ತಿದ್ದುದು ಮೋಡದ ಬೆಳಕಿನಲ್ಲಿ ಅವಳಿಗೆ ಕಾಣಲಿಲ್ಲ. ಇನ್ನಷ್ಟು ಹಾಕಿದಳು, ಕೈಯಿಂದ ಕದಡಿದಳು. ಆಗ ಬಂತು ನಿದ್ದೆ. ಒಳ್ಳೆಯ, ಭಾರದ ನಿದ್ದೆ. ಒಂದೊಂದನ್ನೇ ಒದ್ದೆ ಸ್ಪಂಜಿನ ಮೇಲೆ ಮಲಗಿಸಿ, ಹೊಟ್ಟೆಯ ಬದಿಯಲ್ಲಿ ಉಗುರಿನಷ್ಟು ಸೀಳಿ, ಟ್ಯಾಗ್ ಒಳಗೆ ಜಾರಿಸಿ, ಚೇತರಿಕೆಯ ಪೆಟ್ಟಿಗೆಗೆ ಹಾಕುತ್ತ ಹೋದಳು. ಅವಳ ಕೈ ಅಷ್ಟು ಸಲೀಸಾಗಿ ಎಂದೂ ಓಡಿರಲಿಲ್ಲ. ಯಾವ ಮೀನೂ ಒದ್ದಾಡಲಿಲ್ಲ, ಬಾಲ ಬಡಿಯಲಿಲ್ಲ. ಮೂರು ಗಂಟೆಯೊಳಗೆ ಲೆಟರ್‌ಕೆನ್ನಿ ಸೇರಬಹುದು ಎಂದುಕೊಳ್ಳುತ್ತಿದ್ದಳು.

"ಲುಬ್ನಾ." ಶಶಾಂಕ್ ಪೆಟ್ಟಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಡಾಕ್ಟ್ರಮ್ಮ ಎನ್ನಲಿಲ್ಲ. "ಇವು ಏಳ್ತಾ ಇಲ್ಲ."

ಏಳಲಿಲ್ಲ. ಅವಳು ಮಂಡಿಯೂರಿ ಒಂದನ್ನು ಅಂಗೈಯಲ್ಲಿ ಹಿಡಿದು ಹರಿವ ನೀರಿಗೆ ಬಾಯಿ ಮಾಡಿಸಿದಳು. ಕಿವಿರಿನೊಳಗೆ ನೀರು ಹೋಯಿತು, ಬಂತು, ಕಿವಿರು ಮಾತ್ರ ತಾನಾಗಿ ಆಡಲಿಲ್ಲ. ರೆಪ್ಪೆಯಂಥ ಆ ಕೆಂಪು ಎಸಳುಗಳ ಮೇಲೆ ಎಣ್ಣೆ ಮೆತ್ತಿಕೊಂಡಿತ್ತು. ಇನ್ನೊಂದು. ಮತ್ತೊಂದು. ಶಶಾಂಕ್ ನೀರು ಬದಲಿಸಿದ, ಪಂಪು ಹಾಕಿದ, ಬೈದ. ಪೆಟ್ಟಿಗೆಯಿಂದ ಬಿರಿಯಾನಿಯ ದಿನದ ಅಡುಗೆಮನೆಯ ಪರಿಮಳ ಬರುತ್ತಿತ್ತು. ಅಷ್ಟೂ ಸತ್ತಿದ್ದವು.

ಶಶಾಂಕ್ ಪಂಪು ಆರಿಸಿದ. "ಟ್ಯಾಗ್ ಎಲ್ಲಾ ಒಳಗಿದಾವೆ."

"ಗೊತ್ತು."

"ಸಂಜೆ ಹಳ್ಳಕ್ಕೆ ಬಿಟ್ರೆ, ನೀರು ಜೋರಾಗೈತೆ, ಉರುಳಿಸ್ಕೊಂಡು ಹೋಗತ್ತೆ. ಮೇಲಿನ ರಿಂಗ್ ದಾಟ್ತಾವೆ. ಒಡ್ಡಿನ ಹಿಂದೆ ಕೆಸರಲ್ಲಿ ಕೂತ್ಕೋತಾವೆ. ಕೆಳಗಿನ ರಿಂಗಿಗೆ ಬರಲ್ಲ."

ಲುಬ್ನಾ ತಲೆಯೆತ್ತಿ ನೋಡಿದಳು.

"ಅಷ್ಟೂ ಒಡ್ಡಿನ ಲೆಕ್ಕಕ್ಕೆ," ಎಂದ.

"ಸುಳ್ಳು ಅದು."

"ಯಾವ್ದು ಸುಳ್ಳು? ಒಡ್ಡು ಮೀನು ಕೊಲ್ಲಲ್ವಾ? ರಿಂಗು ಕೊಚ್ಕೊಂಡು ಹೋದ ವರ್ಷ ಎಷ್ಟು ಕೊಂದಿರಬೇಕು, ಯಾರ್ ಲೆಕ್ಕ ಇಟ್ರು? ಅವುಗಳ ಬದ್ಲು ಇವು ಅಂದ್ಕೋ. ಸತ್ ಮೇಲೂ ಒಂದ್ ಕೆಲ್ಸಕ್ಕೆ ಬರ್ತಾವೆ. ಇಲ್ದಿದ್ರೆ ಈ ವರ್ಷ ಒಡ್ಡು ಗೆಲ್ಲತ್ತೆ, ಮುಂದಿನ ಎಲ್ಲಾ ವರ್ಷದ ಮರಿಗಳೂ ಸಾಯ್ತಾವೆ. ನೀನೇ ಹೇಳು."

ಅವಳು ಕೈ ತೊಳೆದುಕೊಂಡಳು. ಎಷ್ಟು ತೊಳೆದರೂ ಲವಂಗ ಹೋಗಲಿಲ್ಲ. "ಪೆಟ್ಟಿಗೆ ಮುಚ್ಚಿಡು," ಎಂದಳು. "ನಂಗೆ ಲೇಟಾಯ್ತು."

ಬೇಡ ಎನ್ನಲಿಲ್ಲ. ಹಳ್ಳಕ್ಕೆ ಬಿಡು ಎಂದೂ ಅನ್ನಲಿಲ್ಲ. ಕಾರಿನಲ್ಲಿ ಹೋಗುವಾಗ, ತಾನು ಏನೂ ಹೇಳಿಲ್ಲ ಎಂಬುದನ್ನೇ ಹಿಡಿದುಕೊಂಡು ಹೋದಳು.

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಅರೀಬಾ ಅವಳ ಕೈ ಹಿಡಿದುಕೊಂಡು ಮೂಗಿನ ಹತ್ತಿರ ತಂದಳು. "ಮಮ್ಮಾ, ಯು ಸ್ಮೆಲ್ ಲೈಕ್ ಮೈ ಟೂತ್." ಡಾಕ್ಟರು ನಕ್ಕರು. ಸೂಜಿ ಚುಚ್ಚಿದ ಮೇಲೆ ಹುಡುಗಿಯ ಅರ್ಧ ತುಟಿ ಜೋತುಬಿತ್ತು. ಕನ್ನಡಿಯಲ್ಲಿ ನೋಡಿಕೊಂಡು ಗಾಬರಿಯಾದಳು.

"ವಿಲ್ ಇಟ್ ಕಮ್ ಬ್ಯಾಕ್?"

"ಬರತ್ತೆ ಕಂದಾ. ಇನ್ನೊಂದ್ ಸ್ವಲ್ಪ ಹೊತ್ತಿಗೆ ಎಚ್ಚರ ಆಗತ್ತೆ."

"ಆರ್ ಯು ಶೂರ್? ಯು ಲುಕ್ ಲೈಕ್ ಯು'ರ್ ನಾಟ್ ಶೂರ್."

ಲುಬ್ನಾ ಮಗಳ ತಲೆ ಸವರಿದಳು.

ಮನೆಯಲ್ಲಿ ಅನ್ನಕ್ಕಿಟ್ಟಾಗ ಶಶಾಂಕನ ಮೆಸೇಜು ಬಂತು. ಒಂದೇ ಪದ: ಬಿಟ್ಟೆ. ಅವಳು ಫೋನಿನಲ್ಲಿ ರಿಂಗಿನ ಪುಟ ತೆರೆದಳು. ಮೇಲಿನ ರಿಂಗು ನಂಬರು ಹೇಳತೊಡಗಿತ್ತು. ಬದುಕಿದ ಮೀನುಗಳು ಹೋಗುವಾಗ ಹೀಗಿರುವುದಿಲ್ಲ. ಅವು ಬರುತ್ತವೆ, ಹಿಂಜರಿಯುತ್ತವೆ, ಒಂದು ನಂಬರು ಎರಡು ಮೂರು ಸಲ ಕಾಣಿಸಿ ಮಾಯವಾಗುತ್ತದೆ. ಇವು ಸಂತೆಗೆ ಹೊರಟವರ ಹಾಗೆ ಸಾಲಾಗಿ, ಹಿಂದೆ ಮುಂದೆ ನೋಡದೆ ಬಂದವು. ಕೆಳಗಿನ ರಿಂಗಿನ ಕಾಲಮ್ಮು ಖಾಲಿ ಇತ್ತು. ಅನ್ನ ತಳ ಹಿಡಿಯಿತು. ಅರೀಬಾ ಬಂದು, ಜೋತ ತುಟಿಯಲ್ಲೇ, "ಈಸ್ ಸಮ್‌ಥಿಂಗ್ ಬರ್ನಿಂಗ್?" ಎಂದಳು.

ಮರುದಿನ ಗ್ರಾನ್ಯಾಳಿಂದ ಫೋನು ಬಂತು. ಅವಳ ದನಿಯಲ್ಲಿ ಸಂತೋಷ ಅಡಗಿಸಿಕೊಂಡ ದುಃಖ. ಒಂದೇ ದಿನ ಒಡ್ಡು ಇಷ್ಟು ತಿಂದಿತೇ, ಸಮಿತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ, ಎಂದಳು. ಕೊರಿಯರ್ ಬಂದಿರಬೇಕು ಎಂದುಕೊಂಡಿದ್ದಳೋ ಏನೋ, ಮಂಪರಿನ ವಿಷಯ ಕೇಳಲಿಲ್ಲ. ಲುಬ್ನಾ "ಹೂಂ" ಎಂದಳು. ಶಾನವಾಜ್ ಎಂದಿನಂತೆ ಶಿಫ್ಟು ಮುಗಿಸಿ ಫೋನು ಮಾಡಿದಾಗ ಅವನಿಗೆ ಮಾತ್ರ ಹೇಳಿಕೊಂಡಳು. ಅವನು ಬಹಳ ಹೊತ್ತು ಕೇಳಿಸಿಕೊಂಡು, "ಮುದುಕನ ಹತ್ರ ಹೋಗಿ ಬಾ," ಎಂದ. "ಕೈ ಕೊಟ್ಟಿರೋದು ಅವ್ನಿಗೆ ತಾನೆ? ಅವ್ನು ಏನಂತಾನೋ ಅದು."

ಕಾನಲ್ ಸ್ವೀನಿ ಆಗ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿದ್ದ. ಜನ್ಮವಿಡೀ ಬೂಷ್ಟು ಹಿಡಿದ ಹುಲ್ಲು ಕೊಡವಿ ಕೊಡವಿ ಶ್ವಾಸಕೋಶ ಕೆಟ್ಟಿತ್ತು. ಮೂಗಿಗೆ ಆಕ್ಸಿಜನ್ ನಳಿಕೆ. ಲುಬ್ನಾ ಪ್ರತಿ ಶುಕ್ರವಾರ ಹೋಗಿ ಹಳ್ಳದ ಸುದ್ದಿ ಹೇಳಿ ಬರುತ್ತಿದ್ದಳು. ಅವನ ಬಳಗದವರು ಅಷ್ಟು ತಪ್ಪದೆ ಬರುತ್ತಿರಲಿಲ್ಲ. ಈ ಸಲ ಅವಳು ಕೂರುವ ಮುಂಚೆಯೇ ಕೇಳಿದ:

"ಎಷ್ಟು ತಿಂದಿತು ಒಡ್ಡು? ಊರಲ್ಲಿ ಏನೋ ಮಾತಾಡ್ತಿದ್ದಾರಂತೆ."

"ಒಡ್ಡು ತಿನ್ನಲಿಲ್ಲ, ಕಾನಲ್. ನಾನು ಕೊಂದೆ."

ಎಲ್ಲ ಹೇಳಿದಳು. ಬಾಟಲಿ, ಫ್ಲಾಸ್ಕು, ಕಿವಿರಿನ ಎಣ್ಣೆ, ಸಂಜೆ ಹಳ್ಳಕ್ಕೆ ಬಿಟ್ಟದ್ದು. ಬಿಟ್ಟವನ ಹೆಸರು ಹೇಳಲಿಲ್ಲ, ಬಿಟ್ಟೆವು ಎಂದಳು. ಮುದುಕ ಚಾವಣಿ ನೋಡುತ್ತ ಮಲಗಿದ್ದ. ಆಮೇಲೆ ಅವನ ಹೊದಿಕೆ ಅಲುಗಿತು. ನಗುತ್ತಿದ್ದ. ನಗೆ ಕೆಮ್ಮಾಗಿ, ನರ್ಸು ಬಂದು ದಿಂಬು ಎತ್ತರಿಸಿ ಹೋದಳು.

"ಹಲ್ಲುನೋವಿನ ಎಣ್ಣೆ!" ಎಂದ ಉಸಿರು ಸಿಕ್ಕಿದ ಮೇಲೆ. "ಯಾರ್ಯಾರಿಗೆ ಗೊತ್ತು?"

"ನಮ್ಮಿಬ್ಬರಿಗೆ. ನನ್ನ ಗಂಡನಿಗೆ. ಈಗ ನಿಮಗೆ."

"ಹಾಗಾದರೆ ಗ್ರ್ಯಾಂಡ್. ಅಷ್ಟು ಜನ ಸಾಕು. ಇನ್ನು ಬಾಯಿ ಮುಚ್ಚು."

"ನಾನು ಮಾತು ಕೊಟ್ಟಿದ್ದೆ."

"ಯಾರಿಗೆ ಕೊಟ್ಟಿದ್ದೆ? ನನಗೆ ತಾನೆ? ತಗೋ, ವಾಪಸು ಕೊಟ್ಟೆ." ಅವನು ಸೂಜಿ ಚುಚ್ಚಿದ್ದ ಕೈಯನ್ನು ಹೊದಿಕೆಯಿಂದ ತೆಗೆದು ಅಂಗೈ ಚಾಚಿದ. ಈ ಸಲ ಉಗುಳಲಿಲ್ಲ, ಬಾಯಿ ಒಣಗಿತ್ತು. "ಆ ಒಡ್ಡು ಬೀಳೋದನ್ನು ನೋಡಿ ಸಾಯಬೇಕು ನಾನು. ನೋಡದಿದ್ದರೂ ಬೀಳುತ್ತೆ ಅಂತ ಗೊತ್ತಾಗಿ ಸಾಯಬೇಕು. ನನ್ನಪ್ಪ ಹುಡುಗನಾಗಿದ್ದಾಗ ಆ ಹಳ್ಳದಲ್ಲಿ ತೋಳುದ್ದದ ಟ್ರೌಟ್ ಬರುತ್ತಿತ್ತು."

"ಒಡ್ಡು ಗಿರಣಿಯವನದು. ಅವನು..."

"ಗಿರಣಿಯವನು! ಎಲ್ಲಿಯವನೋ ಏನೋ, ಬೇಸಿಗೆಯಲ್ಲಿ ಬಂದು ಕಿಟಕಿಯಿಂದ ನೀರು ನೋಡಿಕೊಂಡು ಹೋಗುತ್ತಾನೆ. ಅವನಿಂದ ಮೀನು ಸತ್ತಿತು ಅಂದರೆ ಊರಲ್ಲಿ ಯಾರೂ ಅಲ್ಲ ಅನ್ನೋದಿಲ್ಲ. ಅವನು ಎಷ್ಟು ಬಡಕೊಂಡರೂ ಅಷ್ಟೆ. ಎಲ್ಲರೂ ನಂಬುತ್ತಾರೆ."

ಲುಬ್ನಾ ಆ ಚಾಚಿದ ಕೈಯನ್ನು ನೋಡಿದಳು. ಹಿಡಿದುಕೊಂಡರೆ ಮುಗಿಯುತ್ತಿತ್ತು. ಮುದುಕನಿಗೆ ನೆಮ್ಮದಿ, ಹಳ್ಳಕ್ಕೆ ದಾರಿ, ಅವಳಿಗೆ ಕೆಲಸ, ಶಶಾಂಕನಿಗೆ ನಿದ್ದೆ. ನಷ್ಟ ಆಗುತ್ತಿದ್ದುದು ಯಾರಿಗೂ ಬೇಡದ ಒಬ್ಬನಿಗೆ. ಹಿಡಿಯಲೆಂದು ಕೈ ಮುಂದೆ ಹೋಗಿತ್ತು ಕೂಡ. ಆದರೆ ಬಾಯಿ ಮೊದಲು ಹೊರಟಿತು.

"ನಿಮ್ಮಪ್ಪನ ವಿಷಯದಲ್ಲೂ ಎಲ್ಲರೂ ನಂಬಿದ್ದರು."

ಅಂದ ಮೇಲೆ ನುಂಗಿಕೊಳ್ಳಲು ಬರುವುದಿಲ್ಲವಲ್ಲ. ಕಾನಲ್‌ನ ಕೈ ಹೊದಿಕೆಯ ಮೇಲೆ ಹಾಗೇ ಸ್ವಲ್ಪ ಹೊತ್ತು ಮೇಲ್ಮುಖವಾಗಿ ಬಿದ್ದಿತ್ತು. ಆಮೇಲೆ ಒಳಗೆ ಹೋಯಿತು. ಅವನು ಗೋಡೆಯ ಕಡೆ ತಿರುಗಿದ.

"ಕಾನಲ್."

"ಹೋಗು," ಎಂದ ಗೋಡೆಗೆ. "ಹೊರ ಹೋಗುವಾಗ ಬಾಗಿಲು ಎಳೆದುಕೋ. ಗಾಳಿ ಬರುತ್ತೆ."

ಆಸ್ಪತ್ರೆಯ ಕಾರ್ ಪಾರ್ಕಿನಲ್ಲಿ ಕೂತು ಅವಳು ಗ್ರಾನ್ಯಾಳಿಗೆ ಫೋನು ಮಾಡಿದಳು. ಎಣ್ಣೆ ತನ್ನದು, ಅವಸರ ತನ್ನದು, ಸತ್ತವನ್ನು ಹಳ್ಳಕ್ಕೆ ಬಿಟ್ಟ ಹೊಣೆಯೂ ತನ್ನದು ಎಂದಳು. ಆ ಕಡೆ ಗ್ರಾನ್ಯಾ ಎದ್ದು ಬಾಗಿಲು ಮುಚ್ಚಿದ ಸದ್ದಾಯಿತು.

"ಲುಬ್ನಾ," ಎಂದಳು, "ಇದನ್ನು ನೀನು ನನಗೆ ಹೇಳದೇ ಇದ್ದಿದ್ದರೆ ಚೆನ್ನಾಗಿರುತ್ತಿತ್ತು."

"ಹೌದು."

"ಹೇಳಿಬಿಟ್ಟೆ ಈಗ."

"ಹೌದು."

ಆಮೇಲಿನದೆಲ್ಲ ಒಂದರ ಹಿಂದೊಂದು ತಾನಾಗಿ ಆಯಿತು. ಆ ವರ್ಷದ ಅಂಕಿಯನ್ನೆಲ್ಲ ತೆಗೆದುಹಾಕಿದರು. ಒಂದು ದಿನದ್ದು ಸುಳ್ಳಾದರೆ ಉಳಿದ ದಿನಗಳನ್ನು ಯಾರು ನಂಬಬೇಕು? ಹಳೆಯ ವರ್ಷಗಳನ್ನೂ ಕೆದಕಿದರು. ಸಮಿತಿ ಒಡ್ಡಿನ ವಿಷಯವನ್ನು ಮುಂದಕ್ಕೆ ಹಾಕಿತು. ಎಲ್ಲಿಯವರೆಗೆ ಎಂದು ಹೇಳಲಿಲ್ಲ. ಲುಬ್ನಾಳ ಟ್ಯಾಗ್ ಹಾಕುವ ಲೈಸೆನ್ಸು ಹೋಯಿತು. ಕೆಲಸದ ಕರಾರು ಮುಗಿದಾಗ ಯಾರೂ ಹೊಸದರ ಮಾತೆತ್ತಲಿಲ್ಲ.

ರಿಂಗುಗಳನ್ನು ಬಿಚ್ಚಲು ಅವರಿಬ್ಬರೂ ಕೊನೆಯ ಸಲ ಹಳ್ಳಕ್ಕಿಳಿದರು. ಶಶಾಂಕ್ ತಂತಿ ಸುತ್ತುತ್ತಿದ್ದ. ಮತ್ತೆ ಲೀಕ್ಸ್‌ಲಿಪ್ ಕಡೆಗೇ ಹೊರಟಿದ್ದ.

"ನನ್ ಹೆಸ್ರು ಹೇಳ್ಲಿಲ್ವಂತೆ ನೀನು," ಎಂದ.

"ಹೇಳೋಕೇನಿತ್ತು?"

"ಥ್ಯಾಂಕ್ಸ್ ಅನ್ಬೇಕು. ಬಾಯಿಗೆ ಬರ್ತಿಲ್ಲ, ಡಾಕ್ಟ್ರಮ್ಮ. ನೀನು ನಿನ್ ಕೈ ತೊಳ್ಕೊಂಡೆ. ಹಳ್ಳ ಹಂಗೇ ಉಳೀತು."

ಲುಬ್ನಾ ಕೈಯಲ್ಲಿ ಹಿಡಿಯುವ ಕೋಲಿನಂಥ ಟ್ಯಾಗ್ ರೀಡರ್ ತೆಗೆದುಕೊಂಡು ಒಡ್ಡಿನ ಹಿಂದಿನ ನಿಂತ ನೀರಿಗೆ ಇಳಿದಳು. ಬಿದ್ದ ಟ್ಯಾಗುಗಳನ್ನು ಆಯ್ದು ತರಬೇಕೆಂದು ಆಫೀಸಿನ ಆದೇಶವಿತ್ತು. ಕೆಸರಿನ ಮೇಲೆ ಕೋಲು ಆಡಿಸಿದಲ್ಲೆಲ್ಲ ಅದು ಕೂಗಿತು. ಮೀನು ಕರಗಿಹೋಗಿತ್ತು; ಗಾಜಿನ ಕಾಳುಗಳು ಮಾತ್ರ ಇದ್ದವು. ಕೋಲು ಹತ್ತಿರ ಬಂದಾಗ ಒಂದೊಂದೂ ಎಚ್ಚರಗೊಂಡು ತನ್ನ ನಂಬರು ಹೇಳಿ, ಕೋಲು ದೂರವಾದಾಗ ಸುಮ್ಮನಾಯಿತು. ಗಿರಣಿಯ ಕಿಟಕಿಯಲ್ಲಿ ಒಬ್ಬ ಮನುಷ್ಯ ಟೀ ಕಪ್ಪು ಹಿಡಿದು ನಿಂತಿದ್ದ. ಇವಳನ್ನು ಕಂಡು ಕೈಯೆತ್ತಿದ, ಪರಿಚಯದ ನಗೆ ನಕ್ಕ. ಒಡ್ಡು ಉಳಿದದ್ದಕ್ಕೆ ಅವನು ಅವಳಿಗೆ ಋಣಿ. ಲುಬ್ನಾ ನೋಡದವಳ ಹಾಗೆ ಬಗ್ಗಿ ಕೆಸರು ಕೆದಕಿದಳು.

ಅವಳು ಶುಕ್ರವಾರಗಳಂದು ಆಸ್ಪತ್ರೆಗೆ ಹೋಗುವುದನ್ನು ಬಿಡಲಿಲ್ಲ. ಮೊದಲ ಸಲ ನರ್ಸು ವಾರ್ಡಿನ ಬಾಗಿಲಲ್ಲೇ ತಡೆದು, ಅವರಿಗೆ ನಿದ್ದೆ ಬಂದಿದೆ ಎಂದಳು. ಎರಡನೇ ಸಲವೂ ನಿದ್ದೆ. ಮೂರನೇ ಸಲ ನರ್ಸಿಗೇ ನಾಚಿಕೆಯಾಗಿ, "ನೀವು ಬರುವುದು ಬೇಡವಂತೆ," ಎಂದು ಮೆಲ್ಲಗೆ ಹೇಳಿದಳು. ಚಳಿಗೆ ಮುಂಚೆ ಕುರಿಗಳನ್ನು ಗುಡ್ಡದಿಂದ ಇಳಿಸುವ ಹೊತ್ತಿಗೆ ಕಾನಲ್ ಸ್ವೀನಿ ಸತ್ತ. ಚರ್ಚಿನಲ್ಲಿ ಜನ ತುಂಬಿದ್ದರು. ಲುಬ್ನಾ ಅರೀಬಾಳನ್ನು ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಯಾರೂ ಅವರ ಪಕ್ಕಕ್ಕೆ ಬರಲಿಲ್ಲ.

"ಮಮ್ಮಾ, ವೈ ಆರ್ ವೀ ಅಟ್ ದಿ ಬ್ಯಾಕ್?" ಎಂದಳು ಹುಡುಗಿ.

"ಇಲ್ಲೇ ಜಾಗ ಇರೋದು."

ಸ್ವೀನಿಯ ಹೊಲವನ್ನು ಈಗ ಅವನ ತಮ್ಮನ ಮಗ ನೋಡಿಕೊಳ್ಳುತ್ತಾನೆ. ಗೇಟಿಗೆ ಹೊಸ ಸರಪಳಿ ಬಿದ್ದಿದೆ. ಒಡ್ಡು ಇದ್ದಲ್ಲೇ ಇದೆ. ಮುಂದಿನ ವಸಂತ ಮಳೆ ಕಡಿಮೆಯಾಯಿತು. ಮರಿಗಳು ಇಳಿದವೋ, ದಾಟಿದವೋ, ಎಷ್ಟು ಉಳಿದವೋ, ಹೇಳುವ ರಿಂಗು ಅಲ್ಲಿರಲಿಲ್ಲ.

ಆ ಗೇಟಿನ ಬಳಿ ಕೊಟ್ಟ ಮಾತನ್ನು ಲುಬ್ನಾ ಉಳಿಸಿಕೊಂಡಳು.